ಡ್ರಿಲ್ ‘ಯಶಸ್ವಿ’ ಅಂತ ಬರೀಬೇಡಿ, ಎಲ್ಲಿ ಎಡವಿದ್ರಿ ಅಂತ ಬರೀರಿ: ಶಾಲೆ ನಡೆಸೋರಿಗೊಂದು ಬಹಿರಂಗ ಪತ್ರ

ಶಾಲೆಗಳ ಮುಖ್ಯಸ್ಥರಿಗೆ, ಆಡಳಿತ ಮಂಡಳಿಯವರಿಗೆ, ಜೊತೆಗೆ ಇವರ ಹತ್ರ ಸುರಕ್ಷತಾ ವರದಿ ತರಿಸ್ಕೊಳ್ಳೋ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ಸೇಫ್ಟಿ ಡ್ರಿಲ್ ಮಾಡಿ ಅಂತ ಕೇಳೋಕೆ ಈ ಪತ್ರ ಬರೀತಿಲ್ಲ. ಮಾಡ್ತಿದೀರ, ಗೊತ್ತು. ಡೇಟ್ ಮೊದಲೇ ಫಿಕ್ಸ್ ಆಗಿರತ್ತೆ, ಹಿಂದಿನ ದಿನವೇ ಟೀಚರ್‌ಗಳು ಕ್ಲಾಸಲ್ಲಿ ಹೇಳಿರ್ತಾರೆ, ಎರಡನೇ ಪೀರಿಯಡ್‌ನಲ್ಲಿ ಬೆಲ್ ಹೊಡೀತಾರೆ, ಮಕ್ಕಳು ನಗ್ತಾ ಮಾತಾಡ್ತಾ ಸಾಲಾಗಿ ಗ್ರೌಂಡಿಗೆ ಬರ್ತಾರೆ, ಯಾರೋ ಒಬ್ರು ಸಿಲಿಂಡರ್ ಹಿಡ್ಕೊಂಡು ಒಂದಿಷ್ಟು ಬಿಳಿ ಪುಡಿ ಹಾರಿಸ್ತಾರೆ, ಫೋಟೋ, ಚಪ್ಪಾಳೆ, ವಾಪಸ್ ಕ್ಲಾಸಿಗೆ. ಫೈಲಲ್ಲಿ ಒಂದು ಸಾಲು ಸೇರತ್ತೆ, ಅಣಕು ಪ್ರದರ್ಶನ ಯಶಸ್ವಿಯಾಗಿ ನಡೆಯಿತು ಅಂತ. ನನ್ನ ತಕರಾರು ಇರೋದು ಆ ಸಾಲಿನ ಬಗ್ಗೆ.

ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಹಂಚಿ ಪರೀಕ್ಷೆ ಮಾಡಿದ್ರೆ ಎಲ್ಲರೂ ಪಾಸಾಗ್ತಾರೆ, ಅದ್ರಿಂದ ಯಾರಿಗೆ ಏನು ಬರತ್ತೆ ಅಂತ ಮಾತ್ರ ಗೊತ್ತಾಗಲ್ಲ. ಡ್ರಿಲ್ ಮಾಡೋದೇ ನಮ್ಮ ಪ್ಲಾನ್ ಎಲ್ಲಿ ಮುರಿಯತ್ತೆ ಅಂತ ಮಾಮೂಲಿ ದಿನದಲ್ಲಿ, ಯಾರಿಗೂ ಏನೂ ಆಗದೆ ಇರೋವಾಗ ಕಂಡ್ಕೊಳ್ಳೋಕೆ. ಯಾವ ಬಾಗಿಲಿಗೆ ಬೀಗ ಇತ್ತು, ಯಾವ ಟೀಚರಿಗೆ ತನ್ನ ಕ್ಲಾಸಿನ ದಾರಿ ಗೊತ್ತಿರ್ಲಿಲ್ಲ, ಯಾವ ಮಗು ಟಾಯ್ಲೆಟ್‌ನಲ್ಲೇ ಉಳೀತು, ಬೆಲ್ ಯಾವ ರೂಮಿಗೆ ಕೇಳಿಸ್ಲೇ ಇಲ್ಲ. ಇದ್ರಲ್ಲಿ ಒಂದೂ ಸಿಗದೆ ಡ್ರಿಲ್ ಮುಗೀತು ಅಂದ್ರೆ ನನಗೆ ಖುಷಿ ಆಗಲ್ಲ, ಅನುಮಾನ ಬರತ್ತೆ.

ಇದನ್ನ ಸುಮ್ನೆ ವಾದಕ್ಕೆ ಹೇಳ್ತಿಲ್ಲ. ಜಪಾನಿನ ಎರಡು ಊರಿನ ಕಥೆ ನೋಡಿ, ಎರಡೂ ಒಂದೇ ದಿನದ್ದು, 2011ರ ಮಾರ್ಚ್ 11. ಭೂಕಂಪ ಆಗಿದ್ದು ಮಧ್ಯಾಹ್ನ 2:46ಕ್ಕೆ. ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಕಲಿಸಿದ ಹಾಗೇ ಕಟ್ಟಡ ಬಿಟ್ಟು ಅಂಗಳಕ್ಕೆ ಬಂದು ಸಾಲಾಗಿ ನಿಂತ್ರು. ಅಲ್ಲೀವರೆಗೂ ಯಾವ ತಪ್ಪೂ ಇಲ್ಲ, ನಮ್ಮ ಲೆಕ್ಕದಲ್ಲಿ ಆಗಿದ್ರೆ ಅಲ್ಲಿಗೆ ಡ್ರಿಲ್ ಮುಗೀತು, ಯಶಸ್ವಿ. ಆದ್ರೆ ಅಂಗಳದಿಂದ ಮುಂದೆ ಎಲ್ಲಿಗೆ ಅನ್ನೋದು ತೀರ್ಮಾನ ಆಗಿರ್ಲೇ ಇಲ್ಲ. ಶಾಲೆಯ ಬೆನ್ನಿಗೇ ಗುಡ್ಡ ಇತ್ತು. ಸುನಾಮಿ ಬಂದ್ರೆ ಹತ್ತಿರದ ಖಾಲಿ ಜಾಗಕ್ಕೋ ಪಾರ್ಕಿಗೋ ಹೋಗಬೇಕು ಅಂತ ಮಾತ್ರ ಶಾಲೆಯ ಕೈಪಿಡಿಯಲ್ಲಿತ್ತು, ಯಾವ ಜಾಗ, ಯಾವ ದಾರಿ ಅಂತ ಇರ್ಲಿಲ್ಲ. ಅಧಿಕೃತ ನಕ್ಷೆ ಪ್ರಕಾರ ಶಾಲೆ ನೀರು ಬರೋ ವಲಯದಲ್ಲೇ ಇರ್ಲಿಲ್ಲ. ದೊಡ್ಡೋರು ಚರ್ಚೆ ಮಾಡ್ತಾ ಮಾಡ್ತಾ ಸುಮಾರು 50 ನಿಮಿಷ ಕಳೀತು, ಆಮೇಲೆ ನದಿ ದಾರಿಯಾಗಿ ನೀರು ಬಂತು. 74 ಮಕ್ಕಳು, 10 ಜನ ಶಿಕ್ಷಕರು ಹೋದ್ರು. ತಂದೆತಾಯಿಗಳು ಕೋರ್ಟಿಗೆ ಹೋದ್ರು. 2018ರಲ್ಲಿ ಸೆಂದಾಯ್ ಹೈಕೋರ್ಟ್ ಹೇಳಿದ್ದನ್ನ ದಯವಿಟ್ಟು ಗಮನಿಸಿ: ಆವತ್ತು ಶಿಕ್ಷಕರು ಏನು ಮಾಡಿದ್ರು ಅನ್ನೋದು ಒಂದು ಕಡೆ ಇರಲಿ, ಅದಕ್ಕಿಂತ ಮುಂಚೆಯೇ ಶಾಲೆ ಮತ್ತು ಶಿಕ್ಷಣ ಮಂಡಳಿ ಸರಿಯಾದ ಪ್ಲಾನ್ ಮಾಡಿರ್ಲಿಲ್ಲ, ಅದೇ ನಿರ್ಲಕ್ಷ್ಯ ಅಂತ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನ ತಳ್ಳಿಹಾಕಿ ಅದೇ ತೀರ್ಪು ಉಳಿಸ್ತು. ಅಂದ್ರೆ ಕೋರ್ಟ್ ಹಿಡಿದಿದ್ದು ಆ 50 ನಿಮಿಷವನ್ನ ಮಾತ್ರ ಅಲ್ಲ, ಅದರ ಹಿಂದಿನ ವರ್ಷಗಳಲ್ಲಿ ಕೈಪಿಡಿ ಓದಿ ಸೈನ್ ಹಾಕಿ ಮುಚ್ಚಿಟ್ಟ ಎಲ್ಲರನ್ನೂ.

ಇನ್ನೊಂದು ಊರು ಕಮಾಯಿಶಿ. ಅಲ್ಲಿ ತೊಶಿತಾಕಾ ಕತಾದಾ ಅನ್ನೋ ಪ್ರೊಫೆಸರ್ ವರ್ಷಗಟ್ಟಲೆ ಶಾಲೆಗಳ ಜೊತೆ ಕೆಲಸ ಮಾಡಿದ್ರು. ಅವರು ಮಕ್ಕಳಿಗೆ ಹೇಳಿಕೊಟ್ಟಿದ್ದು ಮೂರು ವಿಷಯ: ನಕ್ಷೆಯನ್ನ ಪೂರ್ತಿ ನಂಬಬೇಡಿ, ಆ ಹೊತ್ತಲ್ಲಿ ಕೈಲಾದಷ್ಟೂ ಮಾಡಿ, ಬೇರೆಯವರಿಗೆ ಕಾಯದೆ ನೀವೇ ಮೊದಲು ಓಡಿ. ಮೊದಲನೆಯದನ್ನ ನೋಡಿ, ಸರ್ಕಾರ ಕೊಟ್ಟ ನಕ್ಷೆಯನ್ನೇ ಅನುಮಾನದಿಂದ ನೋಡಿ ಅಂತ ಶಾಲೆಯಲ್ಲೇ ಪಾಠ! ಆವತ್ತು ಕರೆಂಟ್ ಹೋಗಿ ಅಲ್ಲಿನ ಒಂದು ಮಾಧ್ಯಮಿಕ ಶಾಲೆಯ ಮೈಕ್ ಕೆಲಸ ಮಾಡ್ಲಿಲ್ಲ, ಅನೌನ್ಸ್‌ಮೆಂಟ್ ಬರಲೇ ಇಲ್ಲ, ಮಕ್ಕಳು ಅದಕ್ಕೆ ಕಾಯ್ತಾ ಕೂರಲಿಲ್ಲ, ಓಡಿದ್ರು. ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕವರನ್ನ ಮೂರನೇ ಮಹಡಿಗೆ ಹತ್ತಿಸಿದ್ರು, ದೊಡ್ಡ ಮಕ್ಕಳು ಓಡೋದು ನೋಡಿ ಅವರೂ ಇಳಿದು ಜೊತೆಗೆ ಸೇರ್ಕೊಂಡ್ರು. ಮೊದಲು ಗೊತ್ತು ಮಾಡಿದ ಜಾಗ ಮುಟ್ಟಿದಾಗ ಪಕ್ಕದ ದಿಣ್ಣೆ ಕುಸಿದಿರೋದು ಕಾಣಿಸ್ತು, ಇಲ್ಲಿ ಬೇಡ, ಇನ್ನೂ ಮೇಲೆ ಹೋಗೋಣ ಅಂತ ಹೊರಟ್ರು. ಅವರು ಬಿಟ್ಟು ಹೋದ ಜಾಗಕ್ಕೂ ನೀರು ಬಂತು. ಆ ಊರಿನ ಸುಮಾರು 3,000 ಶಾಲಾ ಮಕ್ಕಳಲ್ಲಿ ತೀರ್ಕೊಂಡಿದ್ದು 5 ಮಕ್ಕಳು, ಆ ಹೊತ್ತಲ್ಲಿ ಶಾಲೆಯ ಜೊತೆ ಇದ್ದವರೆಲ್ಲ ಉಳಿದ್ರು. ಇದನ್ನ ಪವಾಡ ಅಂತ ಕರೆಯೋರಿದ್ದಾರೆ. ನನಗೆ ಅದು ಸರಿ ಅನ್ಸಲ್ಲ, ಪವಾಡ ಅಂದ ತಕ್ಷಣ ಅದರ ಹಿಂದಿನ ಬೋರಿಂಗ್ ಕೆಲಸ ಎಲ್ಲ ಮಾಯ ಆಗ್ಬಿಡತ್ತೆ.

ಬೋರಿಂಗ್ ಕೆಲಸ ಅಂದ್ರೆ ಏನು ಅಂತ ತಿಳೀಬೇಕಾದ್ರೆ ಚೀನಾದ ಸಿಚುವಾನ್ ಪ್ರಾಂತ್ಯದ ಸಾಂಗ್‌ಝಾವ್ ಶಾಲೆಯ ಮುಖ್ಯಸ್ಥ ಯೆ ಝಿಪಿಂಗ್ ಮಾಡಿದ್ದನ್ನ ನೋಡ್ಬೇಕು. ಶಾಲೆ ಕಟ್ಟಡ ಸರಿ ಇಲ್ಲ ಅಂತ ಗೊತ್ತಾದ ಮೇಲೆ ವರ್ಷಾನುಗಟ್ಟಲೆ ದುಡ್ಡು ಹೊಂದಿಸಿ ಹೊಂದಿಸಿ ಕಂಬಗಳನ್ನ ಗಟ್ಟಿ ಮಾಡಿಸಿದ್ರು, ಕಟ್ಟೋಕೆ ಆಗಿದ್ದಕ್ಕಿಂತ ಎರಡು ಪಟ್ಟು ಹೆಚ್ಚು ರಿಪೇರಿಗೇ ಆಯ್ತು. 2005ರಿಂದ ಪ್ರತಿ ಟರ್ಮ್ ಒಂದು ಡ್ರಿಲ್. ಆ ಡ್ರಿಲ್‌ನ ಡೀಟೇಲ್ ಕೇಳಿ. ಪ್ರತಿ ಕ್ಲಾಸಿಗೂ ಯಾವ ಮೆಟ್ಟಿಲು, ಮೆಟ್ಟಿಲಿನ ಯಾವ ಬದಿ ಅಂತ ಗೊತ್ತು ಮಾಡಿದ್ರು. ಕ್ಲಾಸ್‌ರೂಮಲ್ಲಿ ಮುಂದಿನ ಬೆಂಚಿನವರು ಮುಂದಿನ ಬಾಗಿಲಿಂದ, ಹಿಂದಿನವರು ಹಿಂದಿನ ಬಾಗಿಲಿಂದ. ಕೆಳಗಿನ ಮಹಡಿಯವರು ಬೇಗ ಇಳೀಬೇಕು, ಮೇಲಿನವರು ಸ್ವಲ್ಪ ನಿಧಾನ, ಇಲ್ಲಾಂದ್ರೆ ಎಲ್ಲರೂ ಒಂದೇ ಕಡೆ ಸಿಕ್ಕಿಹಾಕ್ಕೊಳ್ತಾರೆ. ಟೀಚರ್‌ಗಳು ನಿಲ್ಲೋದು ಮೆಟ್ಟಿಲು ತಿರುಗೋ ಮೂಲೆಯಲ್ಲಿ, ಯಾಕಂದ್ರೆ ಮಕ್ಕಳು ಮುಗ್ಗರಿಸೋದು ಅಲ್ಲೇ, ಬಿದ್ದ ಮಗುವನ್ನ ಎತ್ತೋಕೆ ಒಬ್ಬ ದೊಡ್ಡೋರು ಅಲ್ಲಿರ್ಬೇಕು. 2008ರ ಮೇ 12ರಂದು ಭೂಕಂಪ ಬಂದಾಗ ಮಕ್ಕಳು ಮೊದಲು ಡೆಸ್ಕ್ ಕೆಳಗೆ ಹೋದ್ರು, ಅಲುಗೋದು ನಿಂತ ಮೇಲೆ ಹೊರಟು 2,200ಕ್ಕೂ ಹೆಚ್ಚು ಮಕ್ಕಳು ಮತ್ತೆ ಟೀಚರ್‌ಗಳು ಸೇರಿ 1 ನಿಮಿಷ 36 ಸೆಕೆಂಡಲ್ಲಿ ಹೊರಗಿದ್ರು. ಒಬ್ಬರೂ ಸಾಯಲಿಲ್ಲ. ಅದೇ ಪ್ರಾಂತ್ಯದಲ್ಲಿ ಅದೇ ಮಧ್ಯಾಹ್ನ ಎಷ್ಟೋ ಶಾಲೆಗಳು ಮಕ್ಕಳ ಮೇಲೇ ಕುಸಿದಿದ್ವು.

ಈ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನ್ಸಿದ್ದು ಬೇರೆಯೇ ಒಂದು ವಿಷಯ. ಆವತ್ತು ಯೆ ಝಿಪಿಂಗ್ ಶಾಲೆಯಲ್ಲಿ ಇರ್ಲೇ ಇಲ್ಲ, ಬೇರೆ ಊರಿಗೆ ಹೋಗಿದ್ರು. ಅವರಿಲ್ಲದೇನೂ ಅವರ ಪ್ಲಾನ್ ನಡೀತು. ನಿಮ್ಮ ಶಾಲೆಯಲ್ಲಿ ಮುಖ್ಯಸ್ಥರು ಮೀಟಿಂಗಿಗೆ ಹೋದ ದಿನ ಬೆಲ್ ಹೊಡೆಯೋ ಅಧಿಕಾರ ಯಾರಿಗಿದೆ? ಹೊಗೆ ಮೊದಲು ನೋಡಿದ ಆಯಾ ನೇರವಾಗಿ ಅಲಾರಂ ಒತ್ತಬಹುದಾ, ಅಥವಾ ಮೊದಲು ಟೀಚರಿಗೆ ಹೇಳಿ, ಟೀಚರ್ ಆಫೀಸಿಗೆ ಹೇಳಿ, ಆಫೀಸಿನವರು ಸಾಹೇಬರಿಗೆ ಫೋನ್ ಮಾಡಿ, ಸಾಹೇಬರು ಕಾಲ್ ಎತ್ತಿ, ಆಮೇಲೆ ಒತ್ತೋದಾ? ಸುಳ್ಳು ಅಲಾರಂ ಒತ್ತಿದೆ ಅಂತ ಬೈಸ್ಕೊಂಡ ಒಬ್ಬ ಅಟೆಂಡರ್ ಇದ್ರೆ ಆ ಶಾಲೆಯಲ್ಲಿ ಮುಂದೆ ಯಾರೂ ಅಲಾರಂ ಮುಟ್ಟಲ್ಲ.

ಹೊಗೆ ವಿಷಯ ಬಂತಲ್ಲ, ಅದನ್ನೇ ಹೇಳ್ತೀನಿ. ನಮ್ಮ ಫೈರ್ ಡ್ರಿಲ್‌ಗಳಲ್ಲಿ ಯಾವಾಗ್ಲೂ ಕಾರಿಡಾರ್ ಖಾಲಿ, ಮೆಟ್ಟಿಲು ಖಾಲಿ, ಬೆಂಕಿ ಎಲ್ಲೋ ದೂರದಲ್ಲಿ ಯಾರಿಗೂ ತೊಂದ್ರೆ ಕೊಡದ ಕಡೆ. 1958ರ ಡಿಸೆಂಬರ್ 1ರಂದು ಶಿಕಾಗೋದ ಅವರ್ ಲೇಡಿ ಆಫ್ ದಿ ಏಂಜೆಲ್ಸ್ ಶಾಲೆಯಲ್ಲಿ ಬೆಂಕಿ ಶುರುವಾಗಿದ್ದೇ ಮೆಟ್ಟಿಲ ಬುಡದಲ್ಲಿ. ಮೇಲಿನ ಮಹಡಿಯ ಕಾರಿಡಾರಿಗೂ ಮೆಟ್ಟಿಲಿಗೂ ಮಧ್ಯ ತಡೆಯೋ ಬಾಗಿಲಿರ್ಲಿಲ್ಲ, ಹೊಗೆ ಹಾಗೇ ಹತ್ತಿತು, ಮಕ್ಕಳಿಗೆ ಗೊತ್ತಾಗೋ ಹೊತ್ತಿಗೆ ಹೊರಗೆ ಹೋಗೋ ದಾರಿಯೇ ಹೊಗೆ ತುಂಬ್ಕೊಂಡಿತ್ತು. 92 ಮಕ್ಕಳು, 3 ಜನ ಸನ್ಯಾಸಿನಿ ಶಿಕ್ಷಕಿಯರು ಸತ್ತರು. ಬೆಂಕಿಗೆ ಕೆಲವೇ ವಾರ ಮುಂಚೆ ಆ ಶಾಲೆ ಅಗ್ನಿ ತಪಾಸಣೆಯಲ್ಲಿ ಪಾಸಾಗಿತ್ತು. ಹಳೇ ಕಟ್ಟಡ ಅಂತ ಹೊಸ ನಿಯಮಗಳಿಂದ ವಿನಾಯಿತಿ ಇತ್ತು, ಕಾಗದದ ಮೇಲೆ ಎಲ್ಲ ಸರಿ.

ಹಾಗಾಗಿ ಕೇಳ್ತೀನಿ, ದಾರಿ ಬಂದ್ ಆದ್ರೆ ಏನು ಮಾಡ್ಬೇಕು ಅಂತ ನಿಮ್ಮ ಮಕ್ಕಳಿಗೆ ಯಾರಾದ್ರೂ ಹೇಳಿದಾರಾ? ಬಾಗಿಲು ತೆಗೆಯೋ ಮುಂಚೆ ಕೈಯ ಹಿಂಭಾಗದಿಂದ ಮುಟ್ಟಿ ನೋಡೋದು, ಬಿಸಿ ಇದ್ರೆ ತೆಗೀದೆ ಇರೋದು, ಬಾಗಿಲು ಮುಚ್ಚಿ ಕೆಳಗಿನ ಸಂದಿಗೆ ಬಟ್ಟೆ ತುರುಕಿ ಕಿಟಕಿ ಹತ್ರ ನಿಂತು ಕೈ ಬೀಸೋದು, ಹೊಗೆ ಇದ್ರೆ ನೆಲಕ್ಕೆ ಬಗ್ಗಿ ಹೋಗೋದು. ಇಷ್ಟು ಕಲಿಸೋಕೆ ಅರ್ಧ ಪೀರಿಯಡ್ ಸಾಕು. ಡ್ರಿಲ್ ದಿನ ಹೇಳದೆ ಕೇಳದೆ ಒಂದು ಮೆಟ್ಟಿಲಿಗೆ ಕೆಂಪು ಟೇಪ್ ಕಟ್ಟಿ, ಅಲ್ಲಿ ಬೆಂಕಿ ಅಂದ್ಕೊಳ್ಳಿ ಅಂತ ಬೋರ್ಡ್ ಇಡಿ. ಆಮೇಲೆ ನೋಡಿ ಏನಾಗತ್ತೆ ಅಂತ. ಟೀಚರ್‌ಗಳೇ ಟೇಪ್ ದಾಟಿ ಹೋಗೋ ಸಾಧ್ಯತೆ ಜಾಸ್ತಿ, ಅಭ್ಯಾಸ ಬಲ ಅಂತಾರಲ್ಲ ಹಾಗೆ. ಅದನ್ನ ಬರ್ಕೊಳ್ಳಿ, ಅದೇ ಆವತ್ತಿನ ಸಂಪಾದನೆ.

ಬೀಗದ ಬಗ್ಗೆ ಎರಡು ಮಾತು. ಮಕ್ಕಳು ತಪ್ಪಿಸ್ಕೊಂಡು ಹೋಗ್ತಾರೆ ಅಂತ ಹಿಂದಿನ ಗೇಟಿಗೆ ಬೀಗ, ಹೊರಗಿನವರು ಬರ್ತಾರೆ ಅಂತ ಪಕ್ಕದ ಬಾಗಿಲಿಗೆ ಬೀಗ, ಟೆರೇಸಿಗೆ ಬೀಗ, ಕಿಟಕಿಗೆಲ್ಲ ಗ್ರಿಲ್. ಪ್ರತಿಯೊಂದಕ್ಕೂ ಒಂದು ಒಳ್ಳೇ ಕಾರಣ ಇದೆ, ಎಲ್ಲ ಸೇರಿದಾಗ ಮಾತ್ರ ಕಟ್ಟಡಕ್ಕೆ ಒಂದೇ ದಾರಿ ಉಳಿಯತ್ತೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಅಡುಗೆ ಮನೆಯ ಕಡೆಯಿಂದ ಬೆಂಕಿ ಗರಿ ಚಾವಣಿಗೆ ಹತ್ತಿದಾಗ ಮೇಲಿದ್ದ ಪುಟ್ಟ ಮಕ್ಕಳಿಗೆ ಇದ್ದಿದ್ದು ಕಿರಿದಾದ ಒಂದು ಮೆಟ್ಟಿಲು, 94 ಮಕ್ಕಳು ಹೋದ್ರು. ಒಳಗಿಂದ ತಳ್ಳಿದ್ರೆ ತೆರೆಯೋ, ಹೊರಗಿಂದ ತೆರೆಯದ ಬಾಗಿಲುಗಳು ಬಂದು ನೂರು ವರ್ಷದ ಮೇಲಾಯ್ತು, ಕಳ್ಳನ ಭಯವೂ ಇಲ್ಲ, ಬೆಂಕಿಯ ಭಯವೂ ಇಲ್ಲ. ಅದಕ್ಕೆ ದುಡ್ಡಿಲ್ಲ ಅಂದ್ರೆ ಶಾಲೆ ನಡೆಯೋ ಅಷ್ಟೂ ಹೊತ್ತು ಬೀಗ ತೆಗೆದು ಒಬ್ಬ ಮನುಷ್ಯನನ್ನ ಅಲ್ಲಿ ಕೂರಿಸಿ. ಕೀ ಆಫೀಸಲ್ಲಿದೆ ಅನ್ನೋದು ಉತ್ತರ ಅಲ್ಲ. (ಫಸ್ಟ್ ಏಡ್ ಬಾಕ್ಸಿಗೂ ಬೀಗ ಹಾಕೋರಿದ್ದಾರೆ, ಅದರ ಕೀ ಇಟ್ಕೊಂಡೋರು ರಜದಲ್ಲಿರ್ತಾರೆ. ಇದಕ್ಕೆ ಏನು ಹೇಳೋದು.)

ಇನ್ನು ಟೈಮ್ ಟೇಬಲ್ ಹೊರಗಿನ ಹೊತ್ತು. ಎಲ್ಲ ಪ್ಲಾನ್‌ಗಳೂ ಮಕ್ಕಳು ಕ್ಲಾಸಲ್ಲಿ ಕೂತಿದಾರೆ, ಟೀಚರ್ ಮುಂದೆ ನಿಂತಿದಾರೆ ಅಂದ್ಕೊಂಡೇ ಬರೆದಿರ್ತಾರೆ. ಊಟದ ಬಿಡುವಲ್ಲಿ ಯಾವ ಮಗು ಯಾವ ಟೀಚರ್ ಜವಾಬ್ದಾರಿ? ಲ್ಯಾಬಲ್ಲಿ? ಆಟದ ಮೈದಾನದಲ್ಲಿ? ಶಾಲೆ ಬಿಟ್ಟು ಬಸ್ ಹತ್ತೋ ಆ ಹದಿನೈದು ನಿಮಿಷದಲ್ಲಿ? 2020ರ ಫೆಬ್ರವರಿಯಲ್ಲಿ ಕೀನ್ಯಾದ ಕಾಕಮೆಗಾ ಪ್ರಾಥಮಿಕ ಶಾಲೆಯಲ್ಲಿ ಬೆಂಕಿ ಇಲ್ಲ, ಭೂಕಂಪ ಇಲ್ಲ, ಶಾಲೆ ಬಿಟ್ಟ ಹೊತ್ತಲ್ಲಿ ಮೆಟ್ಟಿಲ ಮೇಲೆ ನೂಕುನುಗ್ಗಲಾಗಿ ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಅದಕ್ಕೇ ಹೇಳೋದು, ಸ್ಟಾಪ್‌ವಾಚ್ ಹಿಡ್ಕೊಂಡು ಹೋದ ಸಲಕ್ಕಿಂತ ಫಾಸ್ಟ್ ಆಯ್ತು ಅಂತ ಖುಷಿ ಪಡೋದು ಅಪಾಯ. ಮೆಟ್ಟಿಲ ಮೇಲೆ ವೇಗಕ್ಕಿಂತ ಹರಿವು ಮುಖ್ಯ, ಎಲ್ಲಿ ಗುಂಪು ನಿಂತುಬಿಡತ್ತೆ ಅಂತ ನೋಡೋಕೆ ಒಬ್ಬರನ್ನ ಬರೀ ನೋಡೋ ಕೆಲಸಕ್ಕೇ ನಿಲ್ಲಿಸಿ.

ಸಮಾರಂಭದ ದಿನಗಳಂತೂ ಪ್ಲಾನ್‌ನ ಕಣ್ಣಿಗೇ ಬೀಳಲ್ಲ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ವಾರ್ಷಿಕೋತ್ಸವ, ಶಾಲೆಯಲ್ಲಲ್ಲ, ಬಾಡಿಗೆ ಛತ್ರದಲ್ಲಿ, ಶಾಮಿಯಾನದ ಕೆಳಗೆ. ಬೆಂಕಿ ಬಿತ್ತು, ಹೊರಗೆ ಹೋಗೋಕೆ ದಾರಿ ಸಾಲಲಿಲ್ಲ, 400ಕ್ಕೂ ಹೆಚ್ಚು ಜನ ಸತ್ತರು, ಅದ್ರಲ್ಲಿ ಬಹಳಷ್ಟು ಮಕ್ಕಳು. 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲಿ ಅಂಜಾರ್ ಊರಿನ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಾದ ಬೀದೀಲಿ ಹೋಗ್ತಿದ್ರು, ಎರಡೂ ಕಡೆಯ ಕಟ್ಟಡಗಳು ಅವರ ಮೇಲೆ ಬಿದ್ವು. ಶಾಲೆಯ ಕಟ್ಟಡಕ್ಕೆ ಮಾಡಿದ ಪ್ಲಾನ್ ಆ ಬೀದಿಗೆ ಹೇಗೆ ಬರತ್ತೆ? ಸ್ಕೂಲ್ ಡೇ, ಟೂರ್, ಸ್ಪೋರ್ಟ್ಸ್, ಮೆರವಣಿಗೆ, ಇವುಗಳಿಗೆ ಮೈಕು ಶಾಮಿಯಾನ ಬುಕ್ ಮಾಡೋವಾಗ್ಲೇ ದಾರಿ ಎಷ್ಟು, ಎಷ್ಟು ಜನ ಹಿಡಿಸ್ತಾರೆ, ಕರೆಂಟ್ ವೈರಿಂಗ್ ಯಾರು ನೋಡ್ತಾರೆ ಅಂತ ಒಂದು ಹಾಳೆ ಆಗ್ಬೇಕು. ಕಾರ್ಯಕ್ರಮ ಶುರುವಾಗೋ ಮುಂಚೆ ಬಾಗಿಲುಗಳು ಎಲ್ಲಿವೆ ಅಂತ ಮೈಕಲ್ಲಿ ಒಂದು ನಿಮಿಷ ಹೇಳಿದ್ರೆ ಯಾವ ಮುಖ್ಯ ಅತಿಥಿಗೂ ಅವಮಾನ ಆಗಲ್ಲ.

ಇನ್ನೊಂದು, ಎಲ್ಲದಕ್ಕೂ ಒಂದೇ ಬೆಲ್. ಬೆಂಕಿ ಅಂದ್ರೆ ಹೊರಗೆ ಹೋಗ್ಬೇಕು. ಭೂಮಿ ಅಲುಗ್ತಿರೋವಾಗ ಓಡಬಾರದು, ಬಗ್ಗಿ, ಡೆಸ್ಕ್ ಕೆಳಗೆ ಸೇರಿ, ಅದರ ಕಾಲು ಹಿಡ್ಕೋಬೇಕು, ನಿಂತ ಮೇಲೆ ಹೊರಡ್ಬೇಕು. ಗುಡುಗು ಸಿಡಿಲಿದ್ರೆ ಗ್ರೌಂಡಿಂದ ಒಳಗೆ ಬರ್ಬೇಕು, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೂ ಒಳಗೇ ಇರ್ಬೇಕು. ಹತ್ತಿರದ ಫ್ಯಾಕ್ಟರಿಯಿಂದ ಗ್ಯಾಸ್ ಲೀಕ್ ಆದ್ರೆ ಸಾಮಾನ್ಯವಾಗಿ ಒಳಗೇ ಇದ್ದು ಕಿಟಕಿ ಬಾಗಿಲು ಮುಚ್ಕೊಳ್ಳೋದು. ಹೀಗಿರೋವಾಗ ಬೆಲ್ ಕೇಳಿದ ತಕ್ಷಣ ಗ್ರೌಂಡಿಗೆ ಓಡು ಅಂತ ಮಾತ್ರ ಕಲಿತ ಮಗು ಈ ನಾಲ್ಕರಲ್ಲಿ ಎರಡು ಮೂರು ಸಲ ತಪ್ಪು ದಿಕ್ಕಿಗೇ ಹೋಗತ್ತೆ. ಬೆಲ್ ಜೊತೆ ಬಾಯಲ್ಲಿ ಹೇಳಿ, ನೇರವಾದ ಮಾತಲ್ಲಿ, ‘ಬೆಂಕಿ, ಹೊರಗೆ ಹೋಗಿ’ ಅಂತ. ಕೋಡ್ ವರ್ಡ್ ಎಲ್ಲ ಬೇಡ, ಆವತ್ತು ಬದಲಿಗೆ ಬಂದ ಟೀಚರಿಗೆ ನಿಮ್ಮ ಕೋಡ್ ಗೊತ್ತಿರಲ್ಲ. ಕರೆಂಟ್ ಇಲ್ಲದಾಗ ಬಳಸೋಕೆ ಕೈಲಿ ಹಿಡಿಯೋ ಮೈಕೋ ಸೀಟಿಯೋ ಇರ್ಲಿ.

ಹಾಜರಿ. ಗ್ರೌಂಡಿಗೆ ಬಂದ ಮೇಲೆ ಎಣಿಸ್ತೀರ, ಸರಿ, ಎಣಿಸಿದ್ದನ್ನ ಯಾವುದಕ್ಕೆ ಹೋಲಿಸ್ತೀರ? ಆವತ್ತಿನ ರಿಜಿಸ್ಟರ್ ಉರೀತಿರೋ ಕಟ್ಟಡದೊಳಗೇ ಇದ್ರೆ? ಮಧ್ಯದಲ್ಲಿ ಮನೆಗೆ ಹೋದ ಮಗು, ತಡವಾಗಿ ಬಂದ ಮಗು, ಆಫೀಸಲ್ಲಿ ಕೂತಿದ್ದ ಪೋಷಕರು, ಅಡುಗೆಯವರು, ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್, ಇವರೆಲ್ಲ ಲೆಕ್ಕಕ್ಕಿದಾರಾ? ಒಂದು ಸುಲಭದ ಪರೀಕ್ಷೆ ಇದೆ. ಮುಂದಿನ ಡ್ರಿಲ್‌ನಲ್ಲಿ ಒಬ್ಬ ದೊಡ್ಡ ಹುಡುಗನನ್ನ ಮೊದಲೇ ಒಪ್ಪಿಸಿ ಒಬ್ಬರು ಟೀಚರ್ ಜೊತೆ ಲೈಬ್ರರಿಯಲ್ಲಿ ಕೂರಿಸಿ. ಅವನಿಲ್ಲ ಅಂತ ಯಾರಿಗೆ, ಎಷ್ಟು ಹೊತ್ತಿಗೆ ಗೊತ್ತಾಗತ್ತೆ ಅಂತ ನೋಡಿ. ಗೊತ್ತಾದ ಮೇಲೆ ಹುಡುಕೋಕೆ ಟೀಚರ್ ತಾವೇ ಒಳಗೆ ಓಡ್ತಾರಾ, ಅಥವಾ ಅಗ್ನಿಶಾಮಕದವರಿಗೆ ಹೇಳೋಕೆ ಅಂತ ಗೊತ್ತು ಮಾಡಿದ ಒಬ್ಬರಿಗೆ ತಿಳಿಸ್ತಾರಾ ಅಂತಲೂ ನೋಡಿ.

ವ್ಹೀಲ್‌ಚೇರ್‌ನಲ್ಲಿರೋ ಮಗು ಡ್ರಿಲ್ ದಿನ ಎಲ್ಲಿರತ್ತೆ? ಬಹಳ ಕಡೆ ಅವತ್ತು ಆ ಮಗುವಿಗೆ ‘ನೀನು ಕ್ಲಾಸಲ್ಲೇ ಇರು ಪುಟ್ಟ’ ಅಂತ ಪ್ರೀತಿಯಿಂದಲೇ ಹೇಳ್ತಾರೆ. ಆ ಮಗು ಅದರಿಂದ ಕಲಿಯೋದು ಏನು ಅಂತ ಒಂದು ಕ್ಷಣ ಯೋಚಿಸಿ ಸರ್. ಮೇಲಿನ ಮಹಡಿಯಿಂದ ಅವಳನ್ನ ಯಾರು ಇಳಿಸ್ತಾರೆ, ಇಬ್ಬರ ಹೆಸರು ಬೇಕು, ಅವರಲ್ಲಿ ಒಬ್ಬರು ರಜ ಹಾಕಿದ್ರೆ ಮೂರನೆಯವರದ್ದೂ ಬೇಕು, ಅವರು ಒಂದ್ಸಲನಾದ್ರೂ ಎತ್ತಿ ಇಳಿಸಿ ಅಭ್ಯಾಸ ಮಾಡಿರ್ಬೇಕು. ಅಥವಾ ಆ ಕ್ಲಾಸನ್ನೇ ಕೆಳಗಿನ ಮಹಡಿಗೆ ತಂದ್ಬಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗೀತು. ಕಿವಿ ಕೇಳದ ಮಗುವಿಗೆ ಬೆಲ್ ಕೇಳಲ್ಲ, ಮಿನುಗೋ ಲೈಟೋ ಪಕ್ಕದಲ್ಲಿ ಕೂರೋ ಗೆಳೆಯನೋ ಬೇಕು. ಜೋರು ಶಬ್ದ ತಡೆಯೋಕಾಗದ ಆಟಿಸಂ ಇರೋ ಮಗುವಿಗೆ ಬೆಲ್ಲೇ ಒಂದು ಆಘಾತ, ಅದಕ್ಕೆ ಮೊದಲೇ ಚಿತ್ರ ತೋರಿಸಿ, ಮೆಲ್ಲಗೆ ಕೇಳಿಸಿ ರೂಢಿ ಮಾಡಿಸ್ಬೇಕು. ಕಾಲು ಮುರ್ಕೊಂಡು ಒಂದು ತಿಂಗಳು ಊರುಗೋಲಲ್ಲಿ ಬರೋ ಹುಡುಗನೂ ಈ ಪಟ್ಟಿಗೇ ಸೇರ್ತಾನೆ, ಅವನನ್ನ ಯಾರೂ ಸೇರಿಸಿರಲ್ಲ.

ನಿಮಗೆ ಬಹುಶಃ ಕಹಿ ಅನ್ಸೋ ಭಾಗ ಈಗ ಬರತ್ತೆ, ನಾವು, ಅಂದ್ರೆ ಪೋಷಕರು. ಏನೋ ಆಯ್ತು ಅಂತ ಗ್ರೂಪಲ್ಲಿ ಒಂದು ಮೆಸೇಜ್ ಬಂದ ಕೂಡ್ಲೇ ನಾವೆಲ್ಲ ಗಾಡಿ ತಗೊಂಡು ಗೇಟಿಗೆ ಬರ್ತೀವಿ, ರಸ್ತೆ ಜಾಮ್, ಫೈರ್ ಇಂಜಿನ್ ಹಿಂದೆ ಸಿಕ್ಕಿಹಾಕ್ಕೊಂಡಿರತ್ತೆ, ಶಾಲೆಯ ಒಂದೇ ಫೋನಿಗೆ ನೂರಾರು ಕಾಲ್. ಹಂಗೆ ಬರ್ಬೇಡಿ ಅಂತ ಆ ಹೊತ್ತಲ್ಲಿ ಹೇಳಿದ್ರೆ ಯಾವ ತಾಯಿಯೂ ಕೇಳಲ್ಲ, ಕೇಳೋದೂ ಬೇಡ. ಮೊದಲೇ ಹೇಳಿರ್ಬೇಕು: ಮಾಹಿತಿ ಎಲ್ಲಿಂದ ಬರತ್ತೆ, ಮಕ್ಕಳನ್ನ ಯಾವ ಜಾಗದಲ್ಲಿ ಕೊಡ್ತೀರ, ಆ ಜಾಗ ಶಾಲೆಯ ಗೇಟ್ ಅಲ್ಲದೆ ಬೇರೆ ಕಡೆ ಇದ್ರೆ ಇನ್ನೂ ಒಳ್ಳೇದು, ಯಾರ ಕೈಗೆ ಕೊಡ್ತೀರ, ಏನು ಗುರುತು ತೋರಿಸ್ಬೇಕು, ಯಾರು ಸೈನ್ ತಗೊಳ್ತಾರೆ. ಗಲಾಟೆಯಲ್ಲಿ ಮಗು ತಪ್ಪು ಕೈಗೆ ಹೋಗೋದೂ ಒಂದು ದುರಂತವೇ. ಈ ಭಾಗದ ಡ್ರಿಲ್ ಮಾಡಿದ ಶಾಲೆ ನಾನು ನೋಡಿಲ್ಲ. ಮಾಡಿದ್ರೆ ಮೊದಲ ಸಲ ಖಂಡಿತ ಗೊಂದಲ ಆಗತ್ತೆ, ಆಗಲಿ, ಒಂದು ಕ್ಲಾಸಿನ ಪೋಷಕರನ್ನ ಮಾತ್ರ ಕರೆದು ಶುರು ಮಾಡಿ.

ದೊಡ್ಡ ದುರಂತಗಳ ಮಧ್ಯ ಚಿಕ್ಕವು ಮರೆತುಹೋಗ್ತವೆ. ಆದ್ರೆ ಟೀಚರ್‌ಗಳ ಕಣ್ಣೆದುರಿಗೆ ಬರೋದು ಜಾಸ್ತಿ ಇವೇ: ಗಂಟಲಲ್ಲಿ ತುತ್ತು ಸಿಕ್ಕಿಹಾಕ್ಕೊಳ್ಳೋದು, ಫಿಟ್ಸ್, ಆಸ್ತಮಾ, ಆಟದಲ್ಲಿ ತಲೆಗೆ ಪೆಟ್ಟು. ಫಿಟ್ಸ್ ಬಂದ ಮಗುವಿನ ಬಾಯಿಗೆ ಏನೂ ಹಾಕ್ಬಾರ್ದು, ಗಟ್ಟಿಯಾಗಿ ಅದುಮಿ ಹಿಡೀಬಾರ್ದು, ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡ್ಬೇಕು, 5 ನಿಮಿಷ ದಾಟಿದ್ರೆ ಆಂಬುಲೆನ್ಸ್. ಇಷ್ಟು ನಿಮ್ಮ ಸ್ಟಾಫಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಒಂದು ಚೀಟಿ ಕೊಟ್ಟು ಬರೆಸಿ ನೋಡಿ. ಎಕ್ಸ್‌ಟಿಂಗ್ವಿಷರ್ ಪಿನ್ ಕಿತ್ತು ಒಂದ್ಸಲನಾದ್ರೂ ಒತ್ತಿದವರು ಎಷ್ಟು ಜನ ಅಂತಲೂ ಬರೆಸಿ. ಅದರ ಮೀಟರಿನ ಮುಳ್ಳು ಹಸಿರಲ್ಲಿದೆಯಾ ಅಂತ ಇವತ್ತೇ ಹೋಗಿ ನೋಡಬಹುದು, ಅದಕ್ಕೆ ಯಾವ ಸರ್ಕ್ಯುಲರ್ರೂ ಬೇಕಿಲ್ಲ.

ಒಂದು ಎಚ್ಚರಿಕೆ ಹೇಳ್ಬೇಕು, ಇಲ್ಲಾಂದ್ರೆ ನನ್ನ ಮಾತನ್ನ ಇನ್ನೊಂದು ಅತಿಗೆ ತಗೊಂಡು ಹೋಗೋರು ಇರ್ತಾರೆ. ಕಷ್ಟದ ಡ್ರಿಲ್ ಮಾಡಿ ಅಂದ್ರೆ ಮಕ್ಕಳನ್ನ ಹೆದರಿಸಿ ಅಂತಲ್ಲ. ಅಮೆರಿಕದಲ್ಲಿ ಬಂದೂಕುಧಾರಿ ಬಂದ ಅಂತ ನಿಜವೆನಿಸೋ ಹಾಗೆ ನಾಟಕ ಆಡಿ ಮಕ್ಕಳನ್ನ ನಡುಗಿಸಿದ್ದಾರೆ, ಅಲ್ಲಿನ ಮಕ್ಕಳ ವೈದ್ಯರ ಸಂಘವೇ 2020ರಲ್ಲಿ ಅಂಥ ಡ್ರಿಲ್ ಬೇಡ, ಡ್ರಿಲ್ ಅನ್ನೋದನ್ನ ಮುಚ್ಚಿಟ್ಟು ಮೋಸ ಮಾಡೋದು ಬೇಡ ಅಂತ ಹೇಳ್ತು. ಈ ವಾರದಲ್ಲಿ ಡ್ರಿಲ್ ಇದೆ ಅಂತ ಮಕ್ಕಳಿಗೆ ಹೇಳಿ, ಯಾವ ದಿನ ಯಾವ ಹೊತ್ತು ಅಂತ ಹೇಳ್ಬೇಡಿ, ಬೆಲ್ ಹೊಡೆದ ತಕ್ಷಣ ಇದು ಅಭ್ಯಾಸ ಅಂತ ಮೈಕಲ್ಲಿ ಹೇಳಿ. ಕೃತಕ ಹೊಗೆ, ಕೆಂಪು ಬಣ್ಣದ ರಕ್ತ, ಕಿರುಚಾಟ ಏನೂ ಬೇಡ. ತೊಡಕು ಕೊಡ್ಬೇಕಾಗಿರೋದು ದೊಡ್ಡವರ ಪ್ಲಾನಿಗೆ, ಮಕ್ಕಳ ಎದೆಗಲ್ಲ.

ಇಲಾಖೆಯವರೇ, ಈಗ ನಿಮ್ಮ ಕಡೆಗೆ. ಕುಂಭಕೋಣಂ ಆದ ಮೇಲೆ ಹೂಡಿದ ಕೇಸಲ್ಲಿ 2009ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಶಿಕ್ಷಣದ ಹಕ್ಕು ಅಂದ್ರೆ ಸುರಕ್ಷಿತ ಶಾಲೆಯ ಹಕ್ಕೂ ಹೌದು ಅಂತ ಹೇಳಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಶಾಲಾ ಸುರಕ್ಷತೆಗೆ ಅಂತಲೇ ಮಾರ್ಗಸೂಚಿ ತಂದಿದೆ. ನಿಯಮ ಕಮ್ಮಿ ಇಲ್ಲ. ತೊಂದ್ರೆ ಇರೋದು ನೀವು ಕೇಳೋ ಪ್ರಶ್ನೆಯಲ್ಲಿ. ‘ಡ್ರಿಲ್ ನಡೆದಿದೆಯೇ, ಹೌದು / ಇಲ್ಲ’ ಅಂತ ಕೇಳಿದ್ರೆ ಪ್ರಪಂಚದ ಎಲ್ಲ ಶಾಲೆಯೂ ಹೌದು ಅಂತಲೇ ಟಿಕ್ ಹಾಕತ್ತೆ. ಆ ಕಾಲಂ ತೆಗೀರಿ. ಬದಲಿಗೆ ಕೇಳಿ: ಈ ಸಲದ ಡ್ರಿಲ್‌ನಲ್ಲಿ ಸಿಕ್ಕ ಮೂರು ಲೋಪ ಯಾವುವು, ಹೋದ ಸಲದ ಲೋಪಗಳಲ್ಲಿ ಯಾವುದು ಸರಿಹೋಯ್ತು, ಯಾವುದು ಹೋಗಿಲ್ಲ, ಯಾಕೆ. ಲೋಪ ಬರೆದ ಶಾಲೆಗೆ ನೋಟಿಸ್ ಕೊಡಲ್ಲ ಅಂತ ಸರ್ಕ್ಯುಲರ್‌ನಲ್ಲೇ ಹಾಕಿ, ಇಲ್ಲಾಂದ್ರೆ ಮತ್ತೆ ಎಲ್ಲರೂ ‘ಲೋಪಗಳಿಲ್ಲ’ ಅಂತ ಬರೆದು ಕಳಿಸ್ತಾರೆ. ಲೋಪವೇ ಇಲ್ಲ ಅಂತ ಬರೆದ ಶಾಲೆಗೆ ಮಾತ್ರ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ.

ಶಾಲೆಯವರಿಗೆ ನನ್ನ ಬೇಡಿಕೆ ಒಂದೇ. ಈ ಟರ್ಮಿನ ಡ್ರಿಲ್ ಊಟದ ಬಿಡುವಿನಲ್ಲಿ ಆಗಲಿ, ಒಂದು ಮೆಟ್ಟಿಲು ಬಂದ್ ಇರಲಿ, ಮುಖ್ಯಸ್ಥರು ಊರಲ್ಲಿಲ್ಲ ಅಂದ್ಕೊಂಡು ಅವರು ಪಕ್ಕದಲ್ಲಿ ಸುಮ್ನೆ ನಿಂತು ನೋಡಲಿ. ಮುಗಿದ ಮೇಲೆ ಟೀಚರ್‌ಗಳನ್ನ, ಅಟೆಂಡರ್, ಆಯಾ, ಬಸ್ ಡ್ರೈವರ್, ದೊಡ್ಡ ಕ್ಲಾಸಿನ ಇಬ್ಬರು ಮೂವರು ಮಕ್ಕಳನ್ನ ಒಂದು ರೂಮಲ್ಲಿ ಕೂರಿಸಿ ಏನೇನು ಕೆಟ್ಟೋಯ್ತು ಅಂತ ಕೇಳಿ, ಯಾರನ್ನೂ ಬೈಬೇಡಿ, ಒಂದು ಪುಟ ಬರೆದು ನಮಗೂ ಕಳಿಸಿ. ಅದರಲ್ಲಿ ಹತ್ತು ತಪ್ಪಿದ್ರೂ ನಾವು ಗಲಾಟೆ ಮಾಡಲ್ಲ. ಟೈಮ್ ಬರ್ಕೊಳ್ಳೋಕೆ, ಮೆಟ್ಟಿಲ ಮೂಲೆಯಲ್ಲಿ ನಿಲ್ಲೋಕೆ, ಗೇಟಲ್ಲಿ ಪಟ್ಟಿ ಹಿಡ್ಕೊಳ್ಳೋಕೆ ಜನ ಸಾಲದಿದ್ರೆ ಹೇಳಿ, ಕೆಲವರು ಬರ್ತೀವಿ.

ಇಂತಿ,
ಒಬ್ಬ ಪೋಷಕ